ಏರಬೇಕಿದ್ದ ಸಿಗ್ನಲ್ ಇಳಿದಾಗ: ಲೂವೆನ್‌ನ ಸಿಬಿ2 ಪೆಟ್ ಸ್ಕ್ಯಾನ್, ಒಂದು ಪ್ರಕರಣ ಅಧ್ಯಯನ

2016ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ನ್ಯೂಕ್ಲಿಯರ್ ಮೆಡಿಸಿನ್ ತಂಡ ಒಂದು ಸಣ್ಣ ಅಧ್ಯಯನ ಪ್ರಕಟಿಸಿತು. ಒಂಬತ್ತು ಮಂದಿ ಆಲ್ಝೈಮರ್ಸ್ ರೋಗಿಗಳು, ಎಂಟು ಮಂದಿ ಆರೋಗ್ಯವಂತರು. ಎಲ್ಲರ ಮಿದುಳಿನಲ್ಲೂ ಸಿಬಿ2 ಎಂಬ ಕ್ಯಾನಬಿನಾಯ್ಡ್ ರಿಸೆಪ್ಟರ್ (ಗಾಂಜಾದ ಅಂಶಗಳು, ಅವುಗಳಂಥ ವಸ್ತುಗಳು ಬಂದು ಕೂರುವ ಕೋಶದ ಪ್ರೋಟೀನ್) ಎಷ್ಟಿದೆ ಎಂದು ಪೆಟ್ ಸ್ಕ್ಯಾನ್‌ನಲ್ಲಿ ಅಳೆದರು. ಸಿಬಿ2 ಉರಿಯೂತದ ಜೊತೆ ಏರುವ ರಿಸೆಪ್ಟರ್. ಹಾಗಾಗಿ ರೋಗಿಗಳಲ್ಲಿ ಅದು ಜಾಸ್ತಿ ಇರಬೇಕಿತ್ತು. ಸಿಕ್ಕಿದ್ದು ಉಲ್ಟಾ. ರೋಗಿಗಳಲ್ಲೇ ಕಡಿಮೆ ಇತ್ತು.

ಇಂಥ ಫಲಿತಾಂಶವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ಸುಲಭ. ನಾನು ಅದನ್ನೇ ಬಿಡಿಸಿ ನೋಡಬೇಕೆಂದಿದ್ದೇನೆ. ದೇಹವನ್ನು ಕೊಯ್ಯದೆ, ಹೊರಗಿನಿಂದಲೇ ಉರಿಯೂತವನ್ನು "ನೋಡುತ್ತೇವೆ" ಎನ್ನುವಾಗ ನಿಜಕ್ಕೂ ಕಣ್ಣಿಗೆ ಬೀಳುವುದೇನು? ಈ ಪ್ರಶ್ನೆಗೆ ಗೆದ್ದ ಪ್ರಯೋಗಗಳಿಗಿಂತ ಈ ಪ್ರಯೋಗ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡು ರಿಸೆಪ್ಟರ್‌ಗಳು

ಹಿನ್ನೆಲೆ ಸ್ವಲ್ಪ ಬೇಕು. 1964ರಲ್ಲಿ ಇಸ್ರೇಲಿನ ರಾಫೇಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ ಗಾಂಜಾದಲ್ಲಿ ಅಮಲು ಬರಿಸುವ ಅಂಶವಾದ ಟಿಎಚ್‌ಸಿಯನ್ನು ಬೇರ್ಪಡಿಸಿ, ಅದರ ರಚನೆ ತಿಳಿಸಿದರು. ಅದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಗೊತ್ತಾಗಲು ಇನ್ನೂ ಕಾಲು ಶತಮಾನ ಹಿಡಿಯಿತು. 1990ರಲ್ಲಿ ಸಿಬಿ1 ರಿಸೆಪ್ಟರ್‌ನ ಜೀನ್ ಸಿಕ್ಕಿತು. 1993ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಶಾನ್ ಮನ್ರೋ ತಂಡಕ್ಕೆ ಸಿಬಿ2 ಸಿಕ್ಕಿತು. ಅದು ಕಂಡದ್ದು ನರಕೋಶದಲ್ಲಿ ಅಲ್ಲ. ರಕ್ತದ ಕ್ಯಾನ್ಸರ್‌ನಿಂದ ಬಂದ ಒಂದು ಜೀವಕೋಶದ ತಳಿಯಲ್ಲಿ, ಆಮೇಲೆ ಗುಲ್ಮದ ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳಲ್ಲಿ. ಎರಡೂ ರಿಸೆಪ್ಟರ್‌ಗಳ ಪ್ರೋಟೀನ್ ರಚನೆಯಲ್ಲಿ ಸುಮಾರು 44% ಮಾತ್ರ ಹೋಲಿಕೆ.

ಇವೆರಡರ ಊರೂ ಬೇರೆ, ಕೆಲಸವೂ ಬೇರೆ. ಸಿಬಿ1 ಮಿದುಳಿನ ನರಕೋಶಗಳಲ್ಲಿ ತುಂಬಿಕೊಂಡಿದೆ. ಗಾಂಜಾದ ಅಮಲು ಬರುವುದು ಅದರಿಂದಲೇ. ಸಿಬಿ2 ಹೆಚ್ಚಾಗಿ ಇರುವುದು ರೋಗನಿರೋಧಕ ಕೋಶಗಳಲ್ಲಿ: ಗುಲ್ಮ, ದುಗ್ಧಗ್ರಂಥಿ, ರಕ್ತದ ಬಿಳಿ ಕಣಗಳು. ಆರೋಗ್ಯವಂತ ಮಿದುಳಿನಲ್ಲಿ ಅದು ಬಹಳ ಕಡಿಮೆ. ಆದರೆ ಉರಿಯೂತ ಎದ್ದಾಗ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾದಲ್ಲಿ ಅದರ ಸಂಖ್ಯೆ ಏರುತ್ತದೆ. ಪೆಟ್ ಸ್ಕ್ಯಾನ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು? ಹಿನ್ನೆಲೆ ಕತ್ತಲು, ರೋಗ ಇರುವಲ್ಲಿ ಮಾತ್ರ ಬೆಳಕು. ಕನಿಷ್ಠ ಕಾಗದದ ಮೇಲೆ ಹಾಗಿತ್ತು.

2003ರಲ್ಲಿ ಸ್ಪೇನಿನ ತಂಡವೊಂದು ಈ ಆಸೆಗೆ ಬಲ ಕೊಟ್ಟಿತು. ಆಲ್ಝೈಮರ್ಸ್‌ನಿಂದ ತೀರಿಕೊಂಡವರ ಮಿದುಳಿನ ತುಣುಕುಗಳನ್ನು ಪರೀಕ್ಷಿಸಿದಾಗ, ಅಮೈಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳ ಸುತ್ತ ನೆರೆದ ಮೈಕ್ರೋಗ್ಲಿಯಾದಲ್ಲಿ ಸಿಬಿ2 ಎದ್ದು ಕಂಡಿತು. ಸತ್ತ ಮೇಲೆ ಕಂಡದ್ದನ್ನು ಬದುಕಿರುವಾಗಲೇ ನೋಡಬಹುದಲ್ವಾ? ಲೂವೆನ್‌ನ ಕೆಲಸ ಶುರುವಾದದ್ದು ಈ ಪ್ರಶ್ನೆಯ ಸುತ್ತ.

ಆಗ ಕೈಯಲ್ಲಿದ್ದ ದಾರಿ

ಮಿದುಳಿನ ಉರಿಯೂತಕ್ಕೆ ಪೆಟ್ ಸ್ಕ್ಯಾನ್ ಅದಕ್ಕೂ ಮೊದಲೇ ಇತ್ತು. ಅದು ಹಿಡಿಯುತ್ತಿದ್ದದ್ದು ಟಿಎಸ್‌ಪಿಓ ಎಂಬ ಪ್ರೋಟೀನನ್ನು. ಇದು ಮೈಟೋಕಾಂಡ್ರಿಯಾದ ಹೊರಪೊರೆಯಲ್ಲಿ ಇರುತ್ತದೆ. ಮೈಕ್ರೋಗ್ಲಿಯಾ ಕೆರಳಿದಾಗ ಏರುತ್ತದೆ ಎಂಬ ನಂಬಿಕೆ. ಮೊದಲ ಟ್ರೇಸರ್ (ಗುರಿಗೆ ಹೋಗಿ ಅಂಟಿ, ಸ್ಕ್ಯಾನ್‌ನಲ್ಲಿ ಹೊಳೆಯುವ ವಿಕಿರಣಶೀಲ ಅಣು) ಪಿಕೆ11195. ಅದರ ಸಿಗ್ನಲ್ ಮಂಕು. ಎರಡನೆಯ ಪೀಳಿಗೆಯ ಪಿಬಿಆರ್28ನಂಥವು ಚೆನ್ನಾಗಿ ಹೊಳೆದವು. ಆದರೆ ಕೆಲವರಲ್ಲಿ ಏನೂ ಕಾಣಲೇ ಇಲ್ಲ. ಕಾರಣ 2012ರಲ್ಲಿ ಪಕ್ಕಾ ಆಯಿತು: ಟಿಎಸ್‌ಪಿಓ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಟ್ರೇಸರ್ ಸರಿಯಾಗಿ ಕೂರುವುದಿಲ್ಲ. ಯುರೋಪಿನ ಮೂಲದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಹೀಗೆ. ಹಾಗಾಗಿ ಸ್ಕ್ಯಾನ್‌ಗೆ ಮೊದಲು ಜೀನ್ ಪರೀಕ್ಷೆ ಬೇಕು. ಇದಲ್ಲದೆ ಟಿಎಸ್‌ಪಿಓ ಮೈಕ್ರೋಗ್ಲಿಯಾದಲ್ಲಿ ಮಾತ್ರ ಇಲ್ಲ. ಮಿದುಳಿನ ಪೋಷಕ ಕೋಶಗಳಾದ ಆಸ್ಟ್ರೋಸೈಟ್‌ಗಳಲ್ಲಿ ಇದೆ, ರಕ್ತನಾಳದ ಒಳಗೋಡೆಯಲ್ಲೂ ಇದೆ. 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನವಂತೂ, ಮನುಷ್ಯರಲ್ಲಿ ಟಿಎಸ್‌ಪಿಓ ಏರಿಕೆ ಮೈಕ್ರೋಗ್ಲಿಯಾ ಕೆರಳಿದ್ದನ್ನು ಹೇಳುವುದಿಲ್ಲ, ಕೋಶಗಳ ಸಂಖ್ಯೆ ಜಾಸ್ತಿ ಆದದ್ದನ್ನು ಹೇಳುತ್ತದೆ ಎಂದಿತು.

ಇಷ್ಟು ತೊಡಕಿರುವಾಗ ಬೇರೆ ಗುರಿ ಹುಡುಕಿದ್ದು ಸಹಜ. ಸಿಬಿ2 ಆ ಪಟ್ಟಿಯ ಮೇಲ್ತುದಿಯಲ್ಲಿತ್ತು.

ಲೂವೆನ್‌ನವರಿಗೆ ಕ್ಯಾನಬಿನಾಯ್ಡ್ ರಿಸೆಪ್ಟರ್ ಹೊಸತೇನೂ ಆಗಿರಲಿಲ್ಲ. ಮರ್ಕ್ ಕಂಪನಿಯ ಎಂಕೆ-9470 ಎಂಬ ಫ್ಲೋರಿನ್-18 ಟ್ರೇಸರ್‌ನಿಂದ ಮನುಷ್ಯರ ಮಿದುಳಿನ ಸಿಬಿ1 ಚಿತ್ರ 2007ರಲ್ಲೇ ಪ್ರಕಟವಾಗಿತ್ತು. ಅದರಲ್ಲಿ ಲೂವೆನ್‌ನ ಕೋಯನ್ ವಾನ್ ಲಾರೆ ಅವರೂ ಇದ್ದರು. ಅಲ್ಲಿ ಚಿತ್ರ ಚೆನ್ನಾಗಿಯೇ ಬಂತು. ಬರದೆ ಏನು, ಮಿದುಳಿನಲ್ಲಿ ಅತಿ ಹೆಚ್ಚು ಸಿಗುವ ರಿಸೆಪ್ಟರ್‌ಗಳಲ್ಲಿ ಸಿಬಿ1 ಒಂದು. ಅದೇ ಊರಿನಲ್ಲಿ ಅದೇ ಕೈಗಳು ಸಿಬಿ2ಗೆ ಬಂದಾಗ ಕಷ್ಟ ಎಷ್ಟು ಪಟ್ಟು ಏರುತ್ತದೆ ಎಂಬುದೇ ಈ ಪ್ರಕರಣದ ಒಳಗಿನ ವಿಷಯ.

ಎನ್‌ಇ40 ಹುಟ್ಟಿದ್ದು

ಟ್ರೇಸರ್‌ಗೆ ಎನ್‌ಇ40 ಎಂದು ಹೆಸರು. ಇದಕ್ಕೂ ಗಾಂಜಾ ಗಿಡಕ್ಕೂ ಸಂಬಂಧವಿಲ್ಲ. ಲ್ಯಾಬಿನಲ್ಲಿ ಕಟ್ಟಿದ ಸಣ್ಣ ಅಣು ಅದು. ಕೊಡುವ ಪ್ರಮಾಣವೂ ಎಷ್ಟು ಕಡಿಮೆ ಎಂದರೆ ಔಷಧದ ಪರಿಣಾಮ ಆಗುವ ಮಾತೇ ಇಲ್ಲ. ಅಮಲು ಬರುತ್ತದಾ ಎಂದು ಕೇಳುವವರು ಇದ್ದಾರೆ, ಅದಕ್ಕೇ ಹೇಳಿದೆ.

ಅದರಲ್ಲಿ ಕಾರ್ಬನ್-11 ಎಂಬ ವಿಕಿರಣಶೀಲ ಇಂಗಾಲ ಕೂರಿಸುತ್ತಾರೆ. ಸೈಕ್ಲೋಟ್ರಾನ್‌ನಲ್ಲಿ ನೈಟ್ರೋಜನ್‌ಗೆ ವೇಗದ ಪ್ರೋಟಾನ್ ಹೊಡೆಸಿ ಇದನ್ನು ಮಾಡುತ್ತಾರೆ. ದೇಹದೊಳಗೆ ಅದು ಎಲೆಕ್ಟ್ರಾನಿನ ವಿರುದ್ಧ ಕಣವಾದ ಪಾಸಿಟ್ರಾನ್ ಹೊರಹಾಕುತ್ತದೆ. ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನ್‌ಗೆ ತಾಗಿದಾಗ ಎರಡೂ ಇಲ್ಲವಾಗಿ, 511 ಕಿಲೋಎಲೆಕ್ಟ್ರಾನ್‌ವೋಲ್ಟ್‌ನ ಎರಡು ಗಾಮಾ ಕಿರಣ ಎದುರು ಬದುರು ದಿಕ್ಕಿಗೆ ಹೊರಡುತ್ತವೆ. ಸುತ್ತಲಿನ ಉಂಗುರದಂಥ ಯಂತ್ರ ಆ ಜೋಡಿಗಳನ್ನು ಹಿಡಿದು ಲೆಕ್ಕ ಹಾಕುತ್ತದೆ. ನಮ್ಮ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರ್‌ಗೆ ಮಾಡುವ ಪೆಟ್ ಸ್ಕ್ಯಾನ್‌ನದೂ ಇದೇ ಕ್ರಮ. ಅಲ್ಲಿ ಸಾಮಾನ್ಯವಾಗಿ ಬಳಸುವುದು ಎಫ್‌ಡಿಜಿ, ಅಂದರೆ ಫ್ಲೋರಿನ್-18 ಅಂಟಿಸಿದ ಸಕ್ಕರೆ. ಸಕ್ಕರೆ ಹೆಚ್ಚು ತಿನ್ನುವ ಜಾಗವೆಲ್ಲ ಅದರಲ್ಲಿ ಹೊಳೆಯುತ್ತದೆ. ಮಿದುಳು ಹೇಗೂ ಯಾವಾಗಲೂ ಸಕ್ಕರೆ ತಿನ್ನುವುದರಿಂದ ಅಲ್ಲಿನ ಉರಿಯೂತ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಕಾರ್ಬನ್-11ರ ಅರ್ಧಾಯುಷ್ಯ 20 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಫ್ಲೋರಿನ್-18ರದು ಸುಮಾರು 110 ನಿಮಿಷ. ಈ ವ್ಯತ್ಯಾಸ ಸಣ್ಣದಲ್ಲ. ಫ್ಲೋರಿನ್ ಟ್ರೇಸರನ್ನು ಒಂದು ಕಡೆ ಮಾಡಿ ಗಾಡಿಯಲ್ಲಿ ಇನ್ನೊಂದು ಆಸ್ಪತ್ರೆಗೆ ಕಳಿಸಬಹುದು. ಕಾರ್ಬನ್ ಟ್ರೇಸರನ್ನು ಅದೇ ಕಟ್ಟಡದಲ್ಲಿ ಮಾಡಿ, ಶುದ್ಧ ಮಾಡಿ, ಪರೀಕ್ಷಿಸಿ, ಓಡಿ ಹೋಗಿ ಕೊಡಬೇಕು. ಚುಚ್ಚಿ ಒಂದೂವರೆ ಗಂಟೆ ಆಗುವಷ್ಟರಲ್ಲಿ ಉಳಿಯುವುದು ಮೊದಲಿನ ಸುಮಾರು 20ರಲ್ಲಿ ಒಂದು ಪಾಲು. ಅಷ್ಟರೊಳಗೆ ಅಳತೆ ಮುಗಿಯಬೇಕು.

ಮನುಷ್ಯರಿಗೆ ಕೊಡುವ ಮೊದಲು ತಂಡ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಇಲಿಯ ಆರೋಗ್ಯವಂತ ಮಿದುಳಿನಲ್ಲಿ ಸಿಬಿ2 ಇಲ್ಲದಷ್ಟೇ ಕಡಿಮೆ. ಹಾಗಿರುವಾಗ ಟ್ರೇಸರ್ ಸರಿಯಿದೆ ಎಂದು ತಿಳಿಯುವುದು ಹೇಗೆ? ಅವರು ವೈರಸ್ ಬಳಸಿ ಇಲಿಯ ಮಿದುಳಿನ ಒಂದು ಬದಿಯ ಒಳಭಾಗವಾದ ಸ್ಟ್ರಯೇಟಮ್‌ಗೆ ಮನುಷ್ಯರ ಸಿಬಿ2 ಜೀನನ್ನು ಸೇರಿಸಿದರು. ಆ ಜೀನ್‌ನಲ್ಲಿ ಒಂದು ಬದಲಾವಣೆಯನ್ನೂ ಮಾಡಿದ್ದರು. 80ನೇ ಜಾಗದ ಅಮೈನೋ ಆಮ್ಲ ಬದಲಾಗಿದ್ದರಿಂದ ಆ ರಿಸೆಪ್ಟರ್ ಟ್ರೇಸರನ್ನು ಹಿಡಿಯುತ್ತದೆ, ಆದರೆ ಕೋಶದೊಳಗೆ ಸಂದೇಶ ಕಳಿಸುವುದಿಲ್ಲ. ಹಾಗಾಗಿ ಅಲ್ಲಿ ಸುಮ್ಮನೆ ರಿಸೆಪ್ಟರ್ ಇದೆ, ಗಲಾಟೆ ಇಲ್ಲ. ಸ್ಕ್ಯಾನ್ ಮಾಡಿದಾಗ ಆ ಬದಿ ಹೊಳೆಯಿತು. ಇನ್ನೊಂದು ಬದಿ ಹೊಳೆಯಲಿಲ್ಲ. ಗುಲ್ಮದಲ್ಲೂ ಟ್ರೇಸರ್ ನಿಂತಿತು. ಅಂದರೆ ರಿಸೆಪ್ಟರ್ ಸಾಕಷ್ಟು ಇದ್ದರೆ ಎನ್‌ಇ40 ಅದನ್ನು ತೋರಿಸುತ್ತದೆ.

"ಸಾಕಷ್ಟು ಇದ್ದರೆ" ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ವೈರಸ್ ಬಳಸಿ ತುಂಬಿದ ರಿಸೆಪ್ಟರ್ ಬೇಕಾದಷ್ಟು ಇರುತ್ತದೆ. ರೋಗದಲ್ಲಿ ಎಷ್ಟು ಇರುತ್ತದೆ ಎಂಬುದು ಆಗ ಇನ್ನೂ ತೆರೆದ ಪ್ರಶ್ನೆ.

2013ರಲ್ಲಿ ಆರೋಗ್ಯವಂತರ ಮೇಲಿನ ಮೊದಲ ವರದಿ ಬಂತು. ಇಡೀ ದೇಹದ ಸ್ಕ್ಯಾನ್, ವಿಕಿರಣ ಪ್ರಮಾಣದ ಲೆಕ್ಕ. ನಿರೀಕ್ಷೆಯಂತೆ ಗುಲ್ಮದಲ್ಲಿ ಟ್ರೇಸರ್ ಕಂಡಿತು. ಮಿದುಳಿಗೆ ಬೇಗ ಹೊಕ್ಕಿತು, ಬೇಗ ಹೊರಬಿತ್ತು. ಹಿಡಿದುಕೊಳ್ಳುವ ರಿಸೆಪ್ಟರ್ ಕಡಿಮೆ ಇರುವ ಮಿದುಳಿನಲ್ಲಿ ಆಗಬೇಕಾದದ್ದು ಇದೇ. ಅಲ್ಲಿಯವರೆಗೆ ಎಲ್ಲವೂ ಎಣಿಸಿದಂತೆಯೇ ನಡೆದಿತ್ತು.

ರೋಗಿಗಳ ಸ್ಕ್ಯಾನ್

2016ರ ಅಧ್ಯಯನದಲ್ಲಿ ಎನ್‌ಇ40 ಜೊತೆಗೆ ಅಮೈಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಕೂಡ ಇತ್ತು. ಜೋಡಿಸಿ ನೋಡುವ ಉದ್ದೇಶ ಸ್ಪಷ್ಟ: ಸ್ಪೇನಿನವರು ಹೇಳಿದಂತೆ ಅಮೈಲಾಯ್ಡ್ ಗಂಟಿನ ಸುತ್ತ ಸಿಬಿ2 ನೆರೆದಿದ್ದರೆ, ಅಮೈಲಾಯ್ಡ್ ಜಾಸ್ತಿ ಇರುವ ಕಡೆ ಸಿಬಿ2 ಕೂಡ ಜಾಸ್ತಿ ಕಾಣಬೇಕು.

ಎರಡೂ ನಿರೀಕ್ಷೆ ಬಿದ್ದುಹೋದವು. ರೋಗಿಗಳಲ್ಲಿ ಸಿಬಿ2 ಲಭ್ಯತೆ ಆರೋಗ್ಯವಂತರಿಗಿಂತ ಕಡಿಮೆ. ಅಮೈಲಾಯ್ಡ್ ಜೊತೆಗೆ ಸಂಬಂಧವೂ ಇಲ್ಲ. ತಂಡ ಇದನ್ನು ಮುಚ್ಚಿಡಲಿಲ್ಲ, ತಿರುಚಲಿಲ್ಲ. ಲೇಖನದ ತಲೆಬರಹದಲ್ಲೇ ಲಭ್ಯತೆ ಕಡಿಮೆ ಆಗಿದೆ ಎಂದು ಹಾಕಿತು. ವರ್ಷಗಟ್ಟಲೆ ದುಡಿದು ಕಟ್ಟಿದ ಟ್ರೇಸರ್ ಇದು. ಇಷ್ಟು ನೇರವಾಗಿ ಬರೆದದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಇಳಿಕೆ ಎಂದರೆ ಏನು?

ಈಗ ಅಸಲಿ ವಿಷಯಕ್ಕೆ ಬರೋಣ. "ಆಲ್ಝೈಮರ್ಸ್‌ನಲ್ಲಿ ಸಿಬಿ2 ಕಡಿಮೆಯಾಗುತ್ತದೆ" ಎಂದು ಇದರಿಂದ ಹೇಳಬಹುದಾ? ನನ್ನ ಪ್ರಕಾರ ಇಲ್ಲ. ಹೇಳಬಹುದಾದದ್ದು ಅದಕ್ಕಿಂತ ಕಿರಿದು, ಆದರೆ ಹೆಚ್ಚು ಗಟ್ಟಿ.

ಮೊದಲು ಲೆಕ್ಕ. ಪೆಟ್ ಚಿತ್ರದಲ್ಲಿ ಸಿಗ್ನಲ್ ಎಷ್ಟು ನಿಲ್ಲುತ್ತದೆ ಎಂಬುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ. ಒಂದು, ಅಲ್ಲಿ ರಿಸೆಪ್ಟರ್ ಎಷ್ಟಿದೆ. ಇನ್ನೊಂದು, ಟ್ರೇಸರ್ ಅದನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ. ರಿಸೆಪ್ಟರ್ ಕಡಿಮೆ ಇದ್ದಷ್ಟೂ ಹಿಡಿತ ಬಿಗಿಯಾಗಬೇಕು. ಸಿಬಿ1ಗೆ ಸಾಧಾರಣ ಹಿಡಿತವೂ ನಡೆಯುತ್ತದೆ, ಏಕೆಂದರೆ ಸಂಖ್ಯೆ ದೊಡ್ಡದು. ಸಿಬಿ2ಗೆ ಅದು ಸಾಲದು. ಹಿಡಿತ ಸಾಲದಿದ್ದಾಗ ಚಿತ್ರದಲ್ಲಿ ಉಳಿಯುವುದು ಬಹುಪಾಲು ಹಿನ್ನೆಲೆ: ರಕ್ತದಲ್ಲಿ ತೇಲುವ ಟ್ರೇಸರ್, ಮಿದುಳಿನ ಕೊಬ್ಬಿಗೆ ಸುಮ್ನೆ ಅಂಟಿಕೊಂಡ ಟ್ರೇಸರ್. ರೋಗಿಗಳ ಮಿದುಳಿಗೆ ಹರಿಯುವ ರಕ್ತ, ಅವರ ಮಿದುಳಿನ ಅಂಗಾಂಶ ಆರೋಗ್ಯವಂತರಂತೆ ಇರುವುದಿಲ್ಲ. ಹಾಗಾಗಿ ಹಿನ್ನೆಲೆಯೇ ಬದಲಾಗಿದ್ದರೂ ಅದು ರಿಸೆಪ್ಟರ್ ಬದಲಾದಂತೆ ತೋರಬಹುದು.

ಎರಡನೆಯದು ಗಾತ್ರ. ಪೆಟ್ ಯಂತ್ರ ಬಿಡಿಬಿಡಿಯಾಗಿ ಗುರುತಿಸುವುದು ಕೆಲವು ಮಿಲಿಮೀಟರ್‌ವರೆಗೆ ಮಾತ್ರ. ಮಿದುಳಿನ ಹೊರಪದರದ ದಪ್ಪವೂ ಅಷ್ಟೇ. ಅಮೈಲಾಯ್ಡ್ ಗಂಟುಗಳ ಅಳತೆ ಮೈಕ್ರೋಮೀಟರ್‌ಗಳಲ್ಲಿ. ಅದರ ಸುತ್ತಲಿನ ಕೆಲವೇ ಮೈಕ್ರೋಗ್ಲಿಯಾದಲ್ಲಿ ಸಿಬಿ2 ಹತ್ತು ಪಟ್ಟು ಏರಿದೆ ಎಂದಿಟ್ಟುಕೊಳ್ಳಿ. ಮೈಕ್ರೋಸ್ಕೋಪಿನ ಕೆಳಗೆ ಅದು ಎದ್ದು ಕಾಣುತ್ತದೆ. ಆದರೆ ಪೆಟ್‌ನ ಒಂದು ಚುಕ್ಕೆಯೊಳಗೆ ಲಕ್ಷಗಟ್ಟಲೆ ಬೇರೆ ಕೋಶಗಳೂ ಸೇರಿರುತ್ತವೆ. ಸರಾಸರಿಯಲ್ಲಿ ಆ ಏರಿಕೆ ಕರಗಿ ಹೋಗುತ್ತದೆ. ಮೇಲಿಂದ ಆಲ್ಝೈಮರ್ಸ್‌ನಲ್ಲಿ ಹೊರಪದರ ಸೊರಗಿ ತೆಳ್ಳಗಾಗುತ್ತದೆ. ತೆಳ್ಳಗಾದ ಪದರದ ಸಿಗ್ನಲ್ ಪಕ್ಕದ ದ್ರವದ ಜೊತೆ ಬೆರೆತು ಕಡಿಮೆ ಕಾಣುತ್ತದೆ. ಇದನ್ನು ಲೆಕ್ಕದಿಂದ ಸರಿಪಡಿಸುವ ಕ್ರಮಗಳಿವೆ. ಆದರೆ ಸಿಗ್ನಲ್ ಮೊದಲೇ ಸಣ್ಣದಿದ್ದರೆ ತಿದ್ದುಪಡಿಯಿಂದಲೂ ತಪ್ಪು ಹುಟ್ಟಬಹುದು.

ಮೂರನೆಯದು "ಲಭ್ಯತೆ" ಎಂಬ ಮಾತು. ನಮ್ಮ ದೇಹವೇ ಕ್ಯಾನಬಿನಾಯ್ಡ್ ತಯಾರಿಸುತ್ತದೆ. 1995ರಲ್ಲಿ ಪತ್ತೆಯಾದ 2-ಎಜಿ ಅವುಗಳಲ್ಲಿ ಮುಖ್ಯ. ಅದು ಸಿಬಿ2 ಮೇಲೆ ಕೂರುತ್ತದೆ. ಕೂತಿದ್ದರೆ ಟ್ರೇಸರ್‌ಗೆ ಜಾಗವಿಲ್ಲ. ಬಸ್ಸಿನಲ್ಲಿ ಖಾಲಿ ಸೀಟು ಎಣಿಸಿದರೆ ಬಸ್ಸಿಗೆ ಒಟ್ಟು ಎಷ್ಟು ಸೀಟು ಎಂದು ತಿಳಿಯುವುದಿಲ್ಲ ಅಲ್ವಾ? ಉರಿಯೂತ ಇರುವಲ್ಲಿ 2-ಎಜಿ ಏರಿದ್ದರೆ, ರಿಸೆಪ್ಟರ್ ಜಾಸ್ತಿಯಾಗಿದ್ದರೂ ಸ್ಕ್ಯಾನ್ ಕಡಿಮೆ ತೋರಿಸಬಹುದು. ಪೆಟ್ ವರದಿ ಓದುವಾಗ ಬಹಳ ಜನ ಇದನ್ನು ಗಮನಿಸುವುದಿಲ್ಲ. ತಂಡ "ಸಂಖ್ಯೆ" ಎನ್ನದೆ "ಲಭ್ಯತೆ" ಎಂದು ಬರೆದದ್ದು ಅಳೆದು ತೂಗಿಯೇ.

ನಾಲ್ಕನೆಯ ಸಾಧ್ಯತೆ, ಇಳಿಕೆ ನಿಜವಾಗಿಯೂ ಇಳಿಕೆಯೇ. ಸಿಬಿ2 ಕೆಲವು ನರಕೋಶಗಳಲ್ಲೂ ಇದೆ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಇದ್ದರೆ, ಆಲ್ಝೈಮರ್ಸ್‌ನಲ್ಲಿ ನರಕೋಶಗಳು ಸಾಯುತ್ತಿದ್ದಂತೆ ಅದೂ ಹೋಗುತ್ತದೆ. ಮೈಕ್ರೋಗ್ಲಿಯಾದ ಸಣ್ಣ ಏರಿಕೆಯನ್ನು ಈ ನಷ್ಟ ನುಂಗಿಹಾಕಬಹುದು. ಆದರೆ ಈ ವಾದಕ್ಕೆ ಒಂದು ಪಕ್ಕದ ಸಾಕ್ಷ್ಯವನ್ನು ಎದುರಿಟ್ಟು ನೋಡಬೇಕು. ಇದೇ ಲೂವೆನ್ ತಂಡ ಆಲ್ಝೈಮರ್ಸ್ ರೋಗಿಗಳಲ್ಲಿ ಸಿಬಿ1 ಅಳೆದು 2014ರಲ್ಲಿ ವರದಿ ಮಾಡಿತ್ತು. ಅಲ್ಲಿ ಆರೋಗ್ಯವಂತರಿಗೂ ರೋಗಿಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನರಕೋಶದಲ್ಲೇ ತುಂಬಿರುವ ಸಿಬಿ1 ಹಾಗೇ ಉಳಿದು, ನರಕೋಶದಲ್ಲಿ ಅಪರೂಪವಾದ ಸಿಬಿ2 ಮಾತ್ರ ಇಳಿಯಿತೇ? ಅಸಾಧ್ಯ ಎನ್ನಲಾರೆ. ಆದರೆ ನರಕೋಶದ ಸಾವೊಂದನ್ನೇ ಕಾರಣ ಎಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಐದನೆಯದು, ಆರಂಭದ ಆಸೆಯ ಬುಡವನ್ನೇ ಅಲುಗಿಸುವ ಪ್ರಶ್ನೆ. ಸತ್ತವರ ಮಿದುಳಿನಲ್ಲಿ ಸಿಬಿ2 ಹುಡುಕಿದ್ದು ಗುರಿಯ ಪ್ರೋಟೀನಿಗೆ ಅಂಟಿ ಬಣ್ಣ ಹಿಡಿಸುವ ಆಂಟಿಬಾಡಿಗಳಿಂದ. ಸಿಬಿ2ಗೆ ಎಂದು ಮಾರುವ ಹಲವು ಆಂಟಿಬಾಡಿಗಳು ಬೇರೆ ಪ್ರೋಟೀನ್‌ಗಳಿಗೂ ಅಂಟಿಕೊಳ್ಳುತ್ತವೆ ಎಂಬ ದೂರು ವರ್ಷಗಳಿಂದ ಇದೆ. ಸಿಬಿ2 ಜೀನ್ ತೆಗೆದುಹಾಕಿದ ಇಲಿಯಲ್ಲೂ ಬಣ್ಣ ಹತ್ತಿದರೆ ಆ ಆಂಟಿಬಾಡಿಯನ್ನು ನಂಬುವುದು ಹೇಗೆ? ಇದರಿಂದ ತಪ್ಪಿಸಿಕೊಳ್ಳಲು ಸಂಶೋಧಕರು ಸಿಬಿ2 ತಯಾರಾದ ಕಡೆ ಹಸಿರು ಹೊಳೆಯುವ ಪ್ರೋಟೀನೂ ತಯಾರಾಗುವ ಇಲಿಗಳನ್ನು ಬೆಳೆಸಿದರು. ಅಂಥ ಇಲಿಗಳಿಗೆ ಆಲ್ಝೈಮರ್ಸ್ ಮಾದರಿಯ ಜೀನ್ ಸೇರಿಸಿದಾಗ, ಅಮೈಲಾಯ್ಡ್ ಗಂಟಿನ ಸುತ್ತಲಿನ ಮೈಕ್ರೋಗ್ಲಿಯಾ ಹಸಿರಾಗಿ ಹೊಳೆದವು. ಅಂದರೆ 2003ರ ಮಾತಿನ ತಿರುಳು ಸರಿಯೇ ಇತ್ತು. ಏರಿಕೆ ಇದೆ, ಆದರೆ ಅದು ಗಂಟಿನ ಅಕ್ಕಪಕ್ಕಕ್ಕೆ ಸೀಮಿತ.

ಇವೆಲ್ಲ ಸೇರಿಸಿ ನೋಡಿದರೆ ನನಗೆ ಕಾಣುವುದು ಹೀಗೆ. 2003ರ ಕೆಲಸ ಮತ್ತು 2016ರ ಕೆಲಸ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಮೊದಲನೆಯದು ಕೋಶವನ್ನು ನೋಡಿತು. ಎರಡನೆಯದು ಮಿಲಿಮೀಟರ್ ಅಗಲದ ಸರಾಸರಿಯನ್ನು ನೋಡಿತು, ಅದೂ ಇಂಥ ಅಪರೂಪದ ಗುರಿಗೆ ಬಹುಶಃ ಸಾಲದ ಹಿಡಿತದ ಟ್ರೇಸರ್‌ನಿಂದ. ಇನ್ನು ಒಂಬತ್ತು ಮತ್ತು ಎಂಟು ಮಂದಿಯ ಗುಂಪು ಚಿಕ್ಕದು. ಆದರೆ ಇನ್ನೂರು ಜನರನ್ನು ಸ್ಕ್ಯಾನ್ ಮಾಡಿದ್ದರೂ ಈ ಐದರಲ್ಲಿ ಹೆಚ್ಚಿನ ಪ್ರಶ್ನೆಗಳು ಹಾಗೇ ಉಳಿಯುತ್ತಿದ್ದವು. ಜನ ಹೆಚ್ಚಿದರೆ ಸಂಖ್ಯೆ ಗಟ್ಟಿಯಾಗುತ್ತದೆ, ಅದರ ಅರ್ಥ ಗಟ್ಟಿಯಾಗುವುದಿಲ್ಲ.

ಆಮೇಲೆ

ಎನ್‌ಇ40 ಅಲ್ಲಿಗೇ ನಿಲ್ಲಲಿಲ್ಲ. 2017ರಲ್ಲಿ ಜಪಾನಿನ ಸಂಶೋಧಕರು ಪಾರ್ಶ್ವವಾಯು ಬರಿಸಿದ ಇಲಿಗಳಲ್ಲಿ ಅದನ್ನು ಬಳಸಿದರು. ಅಲ್ಲಿ ಸಿಬಿ2 ಸಿಗ್ನಲ್ ಏರಿತು, ಅದೂ ಟಿಎಸ್‌ಪಿಓ ಏರುವ ಮೊದಲೇ. ಇದು ಸಣ್ಣ ವಿಷಯವಲ್ಲ. ಪಾರ್ಶ್ವವಾಯುವಿನಲ್ಲಿ ಉರಿಯೂತ ಒಂದೇ ಕಡೆ, ಒಮ್ಮೆಗೇ, ಜೋರಾಗಿ ಏಳುತ್ತದೆ. ಆಲ್ಝೈಮರ್ಸ್‌ನಲ್ಲಿ ಅದು ವರ್ಷಗಟ್ಟಲೆ, ಚದುರಿ, ಮೆಲ್ಲಗೆ ನಡೆಯುತ್ತದೆ. ಒಂದೇ ಟ್ರೇಸರ್ ಒಂದು ಕಡೆ ಏರಿಕೆ ತೋರಿಸಿ ಇನ್ನೊಂದು ಕಡೆ ತೋರಿಸದೆ ಇರುವುದಕ್ಕೆ ಇದೂ ಕಾರಣ ಇರಬಹುದು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸುವಂತಿಲ್ಲ, ನಿಜ. ಮನುಷ್ಯರ ಸಿಬಿ2ಗೂ ಇಲಿಯದಕ್ಕೂ ರಚನೆಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಿದೆ. ಒಂದಕ್ಕೆ ಚೆನ್ನಾಗಿ ಕೂರುವ ಟ್ರೇಸರ್ ಇನ್ನೊಂದಕ್ಕೆ ಕೂರದಿರಬಹುದು.

ಹಿಡಿತದ ಸಮಸ್ಯೆಗೆ ಸ್ವಿಟ್ಜರ್ಲೆಂಡಿನ ಝೂರಿಕ್‌ನ ತಂಡ ಕೈ ಹಾಕಿದೆ. ಸೈಮನ್ ಅಮೆಟಮೆ, ಲಿಂಜಿಂಗ್ ಮು ಮುಂತಾದವರು ಅಲ್ಲಿ ಹಲವು ವರ್ಷ ಸಿಬಿ2 ಟ್ರೇಸರ್‌ಗಳನ್ನು ಕಟ್ಟಿದ್ದಾರೆ. ಅವರ ಫ್ಲೋರಿನ್-18 ಟ್ರೇಸರ್ ರೋಸ್ಮಾ-18 ಸಿಬಿ2ವನ್ನು ಬಲು ಬಿಗಿಯಾಗಿ ಹಿಡಿಯುತ್ತದೆ, ಸಿಬಿ1ರತ್ತ ತಿರುಗಿಯೂ ನೋಡುವುದಿಲ್ಲ. ಸಿಬಿ1 ಮಿದುಳಿನಲ್ಲಿ ತುಂಬಿ ತುಳುಕುವುದರಿಂದ ಈ ಎರಡನೆಯ ಗುಣ ಮೊದಲನೆಯದರಷ್ಟೇ ಮುಖ್ಯ. ಅದೇ ಟ್ರೇಸರ್‌ನ ಇನ್ನೊಂದು ರೂಪದಲ್ಲಿ ಕೆಲವು ಹೈಡ್ರೋಜನ್ ಬದಲು ಅದರದೇ ಭಾರದ ರೂಪವಾದ ಡ್ಯೂಟೀರಿಯಂ ಹಾಕಿದ್ದಾರೆ. ಇಂಗಾಲಕ್ಕೆ ಡ್ಯೂಟೀರಿಯಂ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ ದೇಹದಲ್ಲಿ ಟ್ರೇಸರ್ ನಿಧಾನವಾಗಿ ಒಡೆಯುತ್ತದೆ. ಫ್ಲೋರಿನ್-18 ಇರುವುದರಿಂದ ಸೈಕ್ಲೋಟ್ರಾನ್ ಇಲ್ಲದ ಆಸ್ಪತ್ರೆಗೂ ಕಳಿಸಬಹುದು.

ಮುಂದಿನ ಮನುಷ್ಯರ ಅಧ್ಯಯನ ಯಾವ ಟ್ರೇಸರ್‌ನಿಂದ ನಡೆದರೂ ಅದರಲ್ಲಿ ನಾನು ಮೊದಲು ಹುಡುಕುವುದು ತಡೆ ಪ್ರಯೋಗವನ್ನು. ಅದೇ ವ್ಯಕ್ತಿಗೆ ಒಮ್ಮೆ ಟ್ರೇಸರ್ ಮಾತ್ರ ಕೊಟ್ಟು ಸ್ಕ್ಯಾನ್. ಇನ್ನೊಮ್ಮೆ ಸಿಬಿ2 ಮೇಲೆ ಕೂರುವ ಔಷಧ ಕೊಟ್ಟು, ಆಮೇಲೆ ಟ್ರೇಸರ್. ಎರಡನೆಯ ಸಲ ಮಿದುಳಿನ ಸಿಗ್ನಲ್ ಎಷ್ಟು ಇಳಿಯಿತೋ ಅಷ್ಟು ಪಾಲು ಮಾತ್ರ ಸಿಬಿ2ದು, ಉಳಿದದ್ದು ಹಿನ್ನೆಲೆ. ಆ ಪಾಲು ಗೊತ್ತಾದರೆ ರೋಗಿಗಳಲ್ಲಿ ಕಂಡ ಏರಿಳಿತ ರಿಸೆಪ್ಟರ್‌ನದೋ ಹಿನ್ನೆಲೆಯದೋ ಎಂದು ಬಿಡಿಸಿ ಹೇಳಬಹುದು. ಗುಲ್ಮದ ಸಿಗ್ನಲ್ ಇಳಿದರೆ ಸಾಲದು, ಮಿದುಳಿನಲ್ಲಿ ಇಳಿಯಬೇಕು. ಅದರ ಜೊತೆಗೆ ರೋಗಿಗಳ ಆಯ್ಕೆಯನ್ನೂ ಬದಲಿಸಿ, ಪಾರ್ಶ್ವವಾಯು ಆದ ಮೊದಲ ದಿನಗಳಂಥ, ಉರಿಯೂತ ಜೋರಾಗಿ ಒಂದೇ ಕಡೆ ಇರುವ ಸ್ಥಿತಿಯಿಂದ ಶುರು ಮಾಡಬೇಕು. ಮಿದುಳಿನ ಇನ್ನೊಂದು ಬದಿ ಅಲ್ಲೇ ಹೋಲಿಕೆಗೆ ಸಿಗುತ್ತದೆ. ಅಲ್ಲಿ ಸಿಬಿ2 ಕಂಡರೆ ಆಮೇಲೆ ಆಲ್ಝೈಮರ್ಸ್‌ಗೆ ಮತ್ತೆ ಬರಬಹುದು.